ಸ್ಪೋರ್ಟ್ಸ್ ಕಾರು ಅಂದರೆ ಕೆಂಪೇ ಆಗಬೇಕಾ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೇ ಕಾರುಗಳ ಬಗ್ಗೆ ಬಂದ ಬರಹ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಒಂದು ಮಾತು ಮಾತ್ರ ನುಂಗಲಾಗಲಿಲ್ಲ. ಹಳೇ ಸ್ಪೋರ್ಟ್ಸ್ ಕಾರು ಕೊಂಡವರು ಕಣ್ಣು ಮುಚ್ಚಿಕೊಂಡು ಕೆಂಪು ಹೊಡೆಸಿ, ಒಳಗೆ ಕಪ್ಪು ಸೀಟು ಹಾಕಿಸಿಬಿಡಿ ಅಂತ ಬರೆದಿದ್ದೀರಿ. ಅಂಥದ್ದೇ ಒಂದು ಕಾರು ಹನ್ನೊಂದು ತಿಂಗಳಿಂದ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿದೆ. ಅದರ ಬಣ್ಣದ ವಿಷಯಕ್ಕೆ ಆದಷ್ಟು ಜಗಳ ನಮ್ಮಲ್ಲಿ ಮಗಳ ಮದುವೆಗೂ ಆಗಿರಲಿಲ್ಲ. ಹಾಗಾಗಿ ಈ ಕಾಗದ.

ಕಾರು 1946ರ ಎಂಜಿ ಟಿಸಿ. ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಗೋದಾಮಿನಲ್ಲಿ, ಮೆಣಸಿನ ಚೀಲಗಳ ಹಿಂದೆ ಬಿದ್ದಿತ್ತು. ಮನೆಗೆ ತಂದ ದಿನ ಬೀದಿಯ ಹುಡುಗರು ಸುತ್ತುವರಿದು, ‘ಅಂಕಲ್, ಇದು ಹೆಕ್ಟರ್ ಕಂಪನಿದಾ?’ ಅಂತ ಕೇಳಿದರು. ಈಗಿನ ಹೆಕ್ಟರ್ ಕಾರಿನ ಮೇಲೂ ಎಂಜಿ ಅಂತಲೇ ಇರುತ್ತದೆ, ಹೆಸರೇನೋ ಅದೇ. ಆದರೆ ಇದು ಇಂಗ್ಲೆಂಡಿನ ಆಬಿಂಗ್ಡನ್ ಊರಿನಲ್ಲಿ ತಯಾರಾದ ಗಾಡಿ. 1945ರಿಂದ 1949ರವರೆಗೆ ಹತ್ತು ಸಾವಿರದಷ್ಟು ಮಾತ್ರ ಹೊರಬಂದವು. ಎರಡೇ ಸೀಟು, 1250 ಸಿಸಿ ಎಂಜಿನ್, 19 ಇಂಚಿನ ಕಡ್ಡಿ ಚಕ್ರಗಳು. ಒಳಗೆ ಆ್ಯಶ್ ಮರದ ಚೌಕಟ್ಟು, ಅದರ ಮೇಲೆ ತಗಡು. ಈ ಗಾಡಿಗಳ ಚಾಸಿ ನಂಬರು 251ರಿಂದ ಶುರುವಾಗುತ್ತದೆ. ಯಾಕೆ ಗೊತ್ತಾ? ಕಾರ್ಖಾನೆಯ ಫೋನ್ ನಂಬರು 251 ಅಂತೆ!

ಇನ್ನೊಂದು ತಮಾಷೆ ಇದೆ. ಎಂಜಿನ್ ಎಷ್ಟು ಸುತ್ತುತ್ತಿದೆ ಅಂತ ತೋರಿಸುವ ಮೀಟರು ಓಡಿಸುವವನ ಮುಂದಿದೆ. ಸ್ಪೀಡೋಮೀಟರು ಇರುವುದು ಪಕ್ಕದಲ್ಲಿ ಕೂತವರ ಮುಂದೆ. ಅಂದರೆ ನಾನು ಎಷ್ಟು ಜೋರಾಗಿ ಹೋಗುತ್ತಿದ್ದೇನೆ ಅನ್ನುವುದು ನನಗಿಂತ ಮೊದಲು ನನ್ನ ಹೆಂಡತಿಗೆ ಗೊತ್ತಾಗುತ್ತದೆ. ಇಂಥ ಕಾರಿನ ಬಣ್ಣದ ವಿಷಯದಲ್ಲಿ ಅವಳನ್ನು ಕೇಳದೆ ಮುಂದೆ ಹೋಗುವ ಹಾಗಿರಲಿಲ್ಲ.

ಬಂದಾಗ ಅದರ ಮೈಮೇಲಿದ್ದದ್ದು ಗೇಟಿಗೆ ಹೊಡೆಯುವ ಹಸಿರು ಪೇಂಟು. ಬ್ರಷ್ಷಿನಲ್ಲೇ ಬಳಿದಿದ್ದರು. ಒಂದೆರಡು ಕಡೆ ಬ್ರಷ್ಷಿನ ಕೂದಲೂ ಅಂಟಿಕೊಂಡು ಒಣಗಿತ್ತು. ಸೀಟಿನ ಮೇಲೆ ಕಪ್ಪು ರೆಕ್ಸಿನ್, ಅದೂ ಬಸ್ಸಿನ ಸೀಟಿನದು. ಮಗ ಬೆಂಗಳೂರಿಂದ ಬಂದವನೇ, ‘ರೆಡ್ ಮಾಡಿಸಿಬಿಡಪ್ಪ, ಆರ್‌ಸಿಯಲ್ಲೂ ಅದೇ ಇದೆ’ ಅಂದ. ನೋಡಿದರೆ ಹೌದು, ಆರ್‌ಸಿ ಪುಸ್ತಕದಲ್ಲಿ ಬಣ್ಣ ಅನ್ನುವ ಕಡೆ ಕೆಂಪು ಅಂತಲೇ ಇತ್ತು. ನಾನೂ ಹೆಚ್ಚುಕಡಿಮೆ ಒಪ್ಪಿಕೊಂಡಿದ್ದೆ.

ಅಷ್ಟರಲ್ಲಿ ನಮ್ಮ ಪೇಂಟರ್ ಸಾಬ್ರು ಒಂದು ಕೆಲಸ ಮಾಡಿದರು. ಬಾಗಿಲ ಕೀಲಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ವಾಟರ್ ಪೇಪರ್ ಅನ್ನುವ ಉಜ್ಜುಕಾಗದವನ್ನು ನೀರಲ್ಲಿ ಅದ್ದಿ ಬೆರಳಿನಿಂದ ಉಜ್ಜತೊಡಗಿದರು. ಐದು ರೂಪಾಯಿ ನಾಣ್ಯದಷ್ಟು ಅಗಲ, ಅಷ್ಟೇ. ಹತ್ತು ನಿಮಿಷಕ್ಕೆ ಅಲ್ಲಿ ಈರುಳ್ಳಿ ಕೊಯ್ದ ಹಾಗೆ ಬಳೆ ಬಳೆಯಾಗಿ ಬಣ್ಣಗಳು ಎದ್ದವು. ಹೊರಗೆ ಗೇಟಿನ ಹಸಿರು. ಅದರೊಳಗೆ ಬೂದು. ಆಮೇಲೆ ಆರ್‌ಸಿ ಹೇಳಿದ ಕೆಂಪು. ಅದೇ ಕೊನೆ ಅಂದುಕೊಂಡಿದ್ದೆ. ಅವರು ಇನ್ನೂ ನಾಲ್ಕು ಸಲ ಉಜ್ಜಿದರು. ಕೆಂಪಿನ ನಡುವೆ ಕಪ್ಪು ಕಣ್ಣು ಬಿಟ್ಟಿತು. ಅದರ ಕೆಳಗೆ ಪ್ರೈಮರ್, ತಗಡು. ‘ಇದು ಹುಟ್ಟಿದ್ದೇ ಕಪ್ಪಾಗಿ ಸಾರ್. ಕೆಂಪು ಆಮೇಲಿಂದು’ ಅಂದರು.

ಆಮೇಲೆ ಓದಿ ನೋಡಿದೆ. ಯುದ್ಧ ಮುಗಿದ ಹೊಸತರಲ್ಲಿ ಬಂದ ಟಿಸಿಗಳೆಲ್ಲ ಕಪ್ಪೇ. ಕೆಂಪು, ಹಸಿರು, ಕೆನೆ ಬಣ್ಣ ಎಲ್ಲ ಬಂದದ್ದು ಆಮೇಲೆ. ಕೊಳ್ಳುವವರು ಆರಿಸಿಕೊಳ್ಳಬಹುದಾಗಿದ್ದದ್ದು ಒಳಗಿನ ಬಣ್ಣ ಮಾತ್ರ. ತೆಳು ಬೀಜ್, ಕೆಂಪು, ಇಲ್ಲವೇ ಶೈರ್ಸ್ ಗ್ರೀನ್ ಅನ್ನುವ ಕಡುಹಸಿರು. ಈ ಮೂರರಲ್ಲಿ ನಮ್ಮದು ಯಾವುದು?

ಅದನ್ನು ರೇಡಿಯೇಟರೇ ಹೇಳಿತು. ಟಿಸಿಯ ಮುಂಭಾಗದಲ್ಲಿ ನಿಂತ ಪಟ್ಟಿಗಳಿವೆಯಲ್ಲ, ಅವಕ್ಕೆ ಕಾರ್ಖಾನೆಯವರು ಹೊಡೆಯುತ್ತಿದ್ದದ್ದು ಮೈಬಣ್ಣ ಅಲ್ಲ, ಸೀಟಿನ ಬಣ್ಣ. ಒಂದು ಪಟ್ಟಿ ಬಿಚ್ಚಿ ಹಿಂಬದಿ ಉಜ್ಜಿದೆವು. ಕಡುಹಸಿರು ಬಂತು. ಗೇಟಿನ ಹಸಿರೇ ಇರಬಹುದು ಅಂತ ಅನುಮಾನ ಬಂತು. ಆದರೆ ಸೀಟಿನ ಬೆನ್ನಿನ ಮರದಲ್ಲಿ ಸಾಲಾಗಿ ಚಿಕ್ಕ ಮೊಳೆಗಳಿದ್ದವು. ಒಂದರ ತಲೆಯ ಕೆಳಗೆ ಉಗುರಿನಷ್ಟು ಹಳೇ ರೆಕ್ಸಿನ್ ತುಣುಕು ಸಿಕ್ಕಿಕೊಂಡಿತ್ತು. ಮೇಲ್ಭಾಗ ಒಣಗಿದ ವೀಳ್ಯದೆಲೆಯ ಹಾಗೆ ಕಂದಿತ್ತು. ಮೊಳೆಯಡಿಗೆ ಬಿಸಿಲು ಕಾಣದ ಜಾಗದಲ್ಲಿ ಮಾತ್ರ ಎಂಬತ್ತು ವರ್ಷದ ಹಿಂದಿನ ಹಸಿರು ಹಾಗೇ ಇತ್ತು. ಅದನ್ನು ಈಗ ಒಂದು ಖಾಲಿ ವಿಭೂತಿ ಡಬ್ಬಿಯಲ್ಲಿಟ್ಟಿದ್ದೇನೆ.

ಕಪ್ಪು ಮೈ, ಹಸಿರು ಸೀಟು ಅಂದಾಗ ಮಗ ಮುಖ ಹುಳ್ಳಗೆ ಮಾಡಿದ. ಯಾರಾದರೂ ಕಪ್ಪಿಗೆ ಹಸಿರು ಹಾಕ್ತಾರಾ ಅಂದ. ಅವನಿಗೆ ಉತ್ತರ ಕೊಟ್ಟವಳು ಅವನ ಅಮ್ಮ. ‘ಸೀರೆ ಒಡಲು ಕಪ್ಪು, ಅಂಚು ಹಸಿರು ಇದ್ರೆ ಕುಪ್ಪಸ ಯಾವ ಬಣ್ಣದ್ದು ಹಾಕ್ತಾರೆ? ಅಂಚಿಂದೇ ಅಲ್ವಾ? ಆ ರೇಡಿಯೇಟರ್ ಪಟ್ಟಿ ಅಂಚು, ಸೀಟು ಕುಪ್ಪಸ. ಸುಮ್ನೆ ಕೂತ್ಕೋ.’ ಆಬಿಂಗ್ಡನ್ನಿನಲ್ಲಿ ಇದು ಯಾರಿಗೆ ಹೊಳೆಯಿತೋ ಗೊತ್ತಿಲ್ಲ. ಅವರ ಮನೆಯಲ್ಲೂ ಬಣ್ಣ ಬಲ್ಲವರೊಬ್ಬರು ಇದ್ದಿರಬೇಕು.

ಹಸಿರು ಹುಡುಕಿಕೊಂಡು ನಾವಿಬ್ಬರೂ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ಒಂದು ಅಂಗಡಿಯಲ್ಲಿ ಏಳೆಂಟು ಹಸಿರು ರೆಕ್ಸಿನ್ ಹಾಸಿದರು. ಗಿಳಿಹಸಿರು, ಪಾಚಿಹಸಿರು, ಆಸ್ಪತ್ರೆ ಪರದೆಯ ಹಸಿರು. ಒಂದು ಸರಿಯಾಗಿ ಹೊಂದಿತು ಅಂತ ನಾನು ದುಡ್ಡು ತೆಗೆಯುವಷ್ಟರಲ್ಲಿ, ‘ರೀ, ಟ್ಯೂಬ್‌ಲೈಟ್ ಕೆಳಗೆ ನೋಡಿ ಯಾರಾದ್ರೂ ಸೀರೆ ತಗೋತಾರಾ?’ ಅಂತ ಅವಳು ಬಟ್ಟೆ ಕಿತ್ತುಕೊಂಡು ರಸ್ತೆಗೆ ಬಂದಳು. ಮಧ್ಯಾಹ್ನದ ಬಿಸಿಲಲ್ಲಿ ಅದು ನೀಲಿಗೆ ತಿರುಗಿತ್ತು! ಡಬ್ಬಿಯ ತುಣುಕು ತಿರುಗಿರಲಿಲ್ಲ. ಒಳಗೆ ಒಂದೇ ಥರ ಕಾಣುವ ಎರಡು ಬಣ್ಣ ಹೊರಗೆ ಬೇರೆ ಬೇರೆ ಆಗುತ್ತವೆ. ಬೆರೆಸಿದ ಪುಡಿಗಳು ಬೇರೆ ಇದ್ದರೆ ಹೀಗೇ. ಹಳೇ ಕಾರಿಗೆ ಬಣ್ಣ ಆರಿಸುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ತುಣುಕು ಜೇಬಲ್ಲಿರಲಿ, ಅಂಗಡಿಯವರು ಗೊಣಗಿದರೂ ಹೊರಗೆ ಬನ್ನಿ.

ಟಿಸಿಯ ಸೀಟಿನಲ್ಲಿ ಮೈ ತಾಗುವ ಭಾಗಕ್ಕೆ ಮಾತ್ರ ಚರ್ಮ, ಪಕ್ಕಕ್ಕೂ ಬೆನ್ನಿಗೂ ರೆಕ್ಸಿನ್. ಎರಡೂ ಒಂದೇ ಹಸಿರಾಗಬೇಕು. ರೆಕ್ಸಿನ್ ಇದ್ದ ಹಾಗೇ ಸಿಗುವುದು, ಅದರ ಬಣ್ಣ ನಮ್ಮ ಕೈಯಲ್ಲಿಲ್ಲ. ಚರ್ಮಕ್ಕಾದರೆ ಬಣ್ಣ ಹಾಕಿಸಬಹುದು. ಹಾಗಾಗಿ ಮೊದಲು ರೆಕ್ಸಿನ್ ಹುಡುಕಿ, ಆಮೇಲೆ ಚರ್ಮವನ್ನು ಅದಕ್ಕೆ ಹೊಂದಿಸಿದೆವು. ಬಿಳಿ ಪೈಪಿಂಗ್ ಹಾಕಿದರೆ ಲುಕ್ ಬರುತ್ತೆ ಅಂತ ಹೊಲಿಯುವವರು ಬಹಳ ಹೇಳಿದರು. ಬೇಡ ಅಂದೆ.

ಇನ್ನು ಕಪ್ಪಿನ ಕಷ್ಟ. ನಿಮ್ಮ ಲೇಖಕರು ಕೆಂಪು ಅಂದದ್ದಕ್ಕೆ ಒಂದು ಸಮಾಧಾನ ಹೇಳಬಹುದಾದರೆ ಇದೇ. ಕಪ್ಪು ಸುಳ್ಳು ಹೇಳುವುದಿಲ್ಲ. ತಗಡಿನಲ್ಲಿ ಒಂದು ಅಲೆ ಇದ್ದರೂ ಕಪ್ಪಿನ ಹೊಳಪಿನಲ್ಲಿ ಎದ್ದು ಕಾಣುತ್ತದೆ. ತಗಡು ತಟ್ಟಿ ಸಮ ಮಾಡುವ ಟಿಂಕರಿಂಗ್‌ಗೇ ಮೂರು ತಿಂಗಳು ಹಿಡಿಯಿತು. ಅದಕ್ಕೂ ಮುಂಚೆ, ಜುಲೈಯಲ್ಲಿ, ಅವಸರಕ್ಕೆ ಬಿದ್ದು ಬೇರೊಂದು ಕಡೆ ಒಂದು ಬಾಗಿಲಿಗೆ ಮಾತ್ರ ಪೇಂಟ್ ಹೊಡೆಸಿದ್ದೆ. ಹೊರಗೆ ಮಲೆನಾಡಿನ ಮಳೆ. ಸ್ಪ್ರೇ ಗನ್ ಕೆಳಗಿಟ್ಟು ಐದು ನಿಮಿಷ ಆಗಿರಲಿಲ್ಲ, ಕಪ್ಪು ಬಾಗಿಲ ಮೇಲೆ ದ್ರಾಕ್ಷಿಯ ಮೇಲಿನ ಬೂದಿಯ ಹಾಗೆ ಬಿಳಿ ಪೊರೆ ಕಟ್ಟಿತು. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗೊತ್ತಿದ್ದೂ ಹೊಡೆದರು. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು ಗೊತ್ತಿದ್ದೂ ಹೊಡೆಸಿದೆ. ದುಡ್ಡು ಹೋಯಿತು, ಬಾಗಿಲನ್ನು ಮತ್ತೆ ತಗಡಿನವರೆಗೆ ಕೆರೆಸಿದ್ದಾಯಿತು.

ಕೊನೆಗೆ ಜನವರಿಯಲ್ಲಿ ಸಾಬ್ರೇ ಹೊಡೆದರು. ಹಳೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟು, ನಮ್ಮ ಕಾಲದಲ್ಲಿ ಡುಕೋ ಅನ್ನುತ್ತಿದ್ದೆವಲ್ಲ ಅದು. ಈಗ ಎಲ್ಲರೂ ಹೊಡೆಸುವ, ಗಟ್ಟಿಯಾಗಿಸುವ ದ್ರವ ಬೆರೆಸಿ ಬಳಸುವ 2ಕೆ ಪೇಂಟು ಗಟ್ಟಿ, ಬಾಳಿಕೆ ಜಾಸ್ತಿ, ಮೇಲೆ ಕ್ಲಿಯರ್ ಕೋಟ್ ಹಾಕಿದರೆ ಕನ್ನಡಿ. ಆದರೆ 1946ರ ಮಡ್‌ಗಾರ್ಡಿನ ಮೇಲೆ ಅದು ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಕಾಣುತ್ತದೆ ಅನ್ನುವುದು ನನ್ನ ಹಟ. ಎನ್‌ಸಿಯಲ್ಲಿ ತೆಳುವಾಗಿ ಎಂಟು ಕೋಟು. ನಡುನಡುವೆ ವಾಟರ್ ಪೇಪರ್, ಕೊನೆಗೆ ಕೈಯಲ್ಲೇ ಪಾಲಿಶ್. ಈ ಗಾಡಿಯ ಪೆಟ್ರೋಲ್ ಟ್ಯಾಂಕು ಹೊರಗೇ, ಹಿಂಬದಿಗೆ ನೇತುಹಾಕಿದ ಹಾಗಿದೆ. ತುಂಬಿಸುವಾಗ ಚೆಲ್ಲಿದರೆ ಕಲೆ ಆಗುತ್ತದೆ. ಬಂಕಿನ ಹುಡುಗರ ಕೈಗೆ ಪೈಪು ಕೊಡುವುದಿಲ್ಲ, ಅಷ್ಟೇ.

ಕೆಂಪಿನ ಮಾತಿಗೆ ಬರುತ್ತೇನೆ. ಹಿಂದೆ ಕಾರು ರೇಸಿನಲ್ಲಿ ದೇಶಕ್ಕೊಂದು ಬಣ್ಣ ಇತ್ತು. ಕೆಂಪು ಇಟಲಿಯವರದು. ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬಿಳಿ, ಆಮೇಲೆ ಬೆಳ್ಳಿ. ಇಂಗ್ಲೆಂಡಿಗೆ ಹಸಿರು. ದೇಶ ದೇಶಗಳ ನಡುವಿನ 1903ರ ಗಾರ್ಡನ್ ಬೆನೆಟ್ ರೇಸು ಐರ್ಲೆಂಡಿನಲ್ಲಿ ನಡೆಯಿತು, ಯಾಕೆಂದರೆ ಇಂಗ್ಲೆಂಡಿನ ರಸ್ತೆಗಳಲ್ಲಿ ರೇಸು ಬಿಡುವ ಹಾಗಿರಲಿಲ್ಲ. ಹಸಿರು ಐರ್ಲೆಂಡಿನ ಬಣ್ಣ. ಅಲ್ಲಿಯವರ ಗೌರವಕ್ಕೆ ಅಂತ ಇಂಗ್ಲಿಷರು ಹಸಿರು ಹೊಡೆದುಕೊಂಡು ಹೋದರಂತೆ, ಅದೇ ಅಂಟಿಕೊಂಡಿತು. ಇಂಗ್ಲಿಷ್ ಗಾಡಿಗೆ ಕಣ್ಣು ಮುಚ್ಚಿಕೊಂಡು ಬಣ್ಣ ಹೊಡೆಸುವುದೇ ಆದರೂ ಅದು ಕೆಂಪಾಗಬೇಕಿಲ್ಲ ಅಂತ ಹೇಳಿದೆ.

ಹಾಗಂತ ಹಸಿರು ಹೊಡೆಸಲು ಹೊರಟವರಿಗೂ ಒಂದು ಎಚ್ಚರಿಕೆ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ಮಿಲಿಟರಿಗೆ ಮಾತ್ರ. ನಮ್ಮ ನಿಮ್ಮ ಗಾಡಿಗೆ ಹೊಡೆಸುವ ಹಾಗಿಲ್ಲ. ಇಂಗ್ಲಿಷರ ರೇಸಿಂಗ್ ಹಸಿರು ಬೇರೆಯೇ, ಆದರೆ ಅದರ ಕೆಲವು ಛಾಯೆಗಳು ಸಂಜೆ ಹೊತ್ತು ಅನುಮಾನ ಹುಟ್ಟಿಸುವ ಹಾಗಿರುತ್ತವೆ. ಬಣ್ಣ ಯಾವುದೇ ಆಗಲಿ, ಬದಲಾಯಿಸಿದರೆ ಆರ್‌ಸಿಯಲ್ಲೂ ಬರೆಸಬೇಕು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂದಿದೆ. 20,000 ರೂಪಾಯಿ ಶುಲ್ಕ, ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಅನ್ನುತ್ತದೆ ಆ ನಿಯಮ. ನಾನು ಅದಕ್ಕೆ ಅರ್ಜಿ ಹಾಕುವ ಮೊದಲು ಕೆಂಪು ಅನ್ನುವುದನ್ನು ಕಪ್ಪು ಮಾಡಿಸಲು ಓಡಾಡುತ್ತಿದ್ದೇನೆ. ಆ ಕಥೆ ಇನ್ನೊಂದು ಕಾಗದಕ್ಕಾಗುತ್ತದೆ.

ಈಗ ಉಳಿದಿರುವುದು ಹುಡ್, ಅಂದರೆ ಮಡಚುವ ಬಟ್ಟೆಯ ಚಾವಣಿ, ಒಂದೇ. ಮೈ ಯಾವ ಬಣ್ಣವಾದರೂ ಟಿಸಿಯ ಹುಡ್ಡಿನ ಕ್ಯಾನ್ವಾಸು ತೆಳು ಮಣ್ಣಿನ ಬಣ್ಣದ್ದು. ಪೇಟೆಯಲ್ಲಿ ಸಿಗುವುದೆಲ್ಲ ಕಪ್ಪು, ನೀಲಿ, ಇಲ್ಲವೇ ಲಾರಿ ಟಾರ್ಪಾಲಿನ ಖಾಕಿ. ಹಳೇ ಟೆಂಟು, ಜೀಪು ಹುಡ್ ಹೊಲಿಯುತ್ತಿದ್ದ ಯಾರ ಬಳಿಯಾದರೂ ಅಂಥ ದಪ್ಪ ಹತ್ತಿ ಕ್ಯಾನ್ವಾಸು ಆರೇಳು ಮೀಟರು ಉಳಿದಿದ್ದರೆ ದಯವಿಟ್ಟು ನಿಮ್ಮ ಕಚೇರಿಗೆ ಒಂದು ಸಾಲು ಬರೆಯಲಿ. ಹಾಗೆಯೇ 1950ರ ಸುಮಾರಿಗೆ ಸಕಲೇಶಪುರ ಕಡೆಯ ತೋಟಗಳಲ್ಲಿ ಇಂಥ ಗಾಡಿಯ ಪಕ್ಕ ನಿಂತು ತೆಗೆಸಿಕೊಂಡ ಫೋಟೊ ಯಾರ ಮನೆಯ ಆಲ್ಬಮ್ಮಿನಲ್ಲಾದರೂ ಇದ್ದರೆ ಅದನ್ನೂ ನೋಡುವ ಆಸೆ. ಬ್ಲ್ಯಾಕ್ ಅಂಡ್ ವೈಟ್ ಆದರೂ ಪರವಾಗಿಲ್ಲ. ನಮ್ಮದು ಹೇಗೂ ಕಪ್ಪು.

ಇಂತಿ ನಿಮ್ಮ ಓದುಗ,
ನಿವೃತ್ತ ಪಾಲಿಟೆಕ್ನಿಕ್ ಮೇಷ್ಟ್ರು, ಹಾಸನ