ಪ್ರದರ್ಶನ ಮುಗಿಯುವ ಮೊದಲು ಸುದ್ದಿ ತಲುಪಲಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ದಾವಣಗೆರೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಗ್ಯಾಲರಿ ಕಟ್ಟಿಸಿ, ಅನುದಾನ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ನಮ್ಮ ರಾಜ್ಯದಲ್ಲಿ ಯಾವ ಕಲಾ ಪ್ರದರ್ಶನ ಎಲ್ಲಿ, ಯಾವಾಗ ನಡೆಯುತ್ತದೆ ಎಂಬುದು ಒಂದು ತಿಂಗಳು ಮೊದಲೇ, ಕನ್ನಡದಲ್ಲಿ, ಬೆಂಗಳೂರಿನ ಹೊರಗಿರುವ ನಮಗೂ ಗೊತ್ತಾಗಬೇಕು. ಕೇಳುತ್ತಿರುವುದು ಇಷ್ಟೇ.

ಈಗ ಏನಾಗುತ್ತಿದೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಹೊಸ ಕಲಾವಿದರು ಸಾಮಾನ್ಯವಾಗಿ ಗ್ಯಾಲರಿಯನ್ನು ದಿನದ ಬಾಡಿಗೆಗೆ ಹಿಡಿಯುತ್ತಾರೆ. ಫ್ರೇಮ್ ಹಾಕಿಸಬೇಕು, ಚಿತ್ರಗಳನ್ನು ಗಾಡಿಯಲ್ಲಿ ಸಾಗಿಸಬೇಕು, ಆಹ್ವಾನ ಪತ್ರಿಕೆ ಮಾಡಿಸಬೇಕು. ಇಷ್ಟೆಲ್ಲ ಆದ ಮೇಲೆ ಕೈಯಲ್ಲಿ ಉಳಿದ ದುಡ್ಡಿಗೆ ನಾಲ್ಕೈದು ದಿನದ ಪ್ರದರ್ಶನ, ಹೆಚ್ಚೆಂದರೆ ಒಂದು ವಾರ. ಉದ್ಘಾಟನೆಯ ಫೋಟೊ ಮರುದಿನ ಪೇಪರ್‌ನಲ್ಲಿ ಬರುತ್ತದೆ. ‘ನಗರದಲ್ಲಿ ಇಂದು’ ಎನ್ನುವ ಪಟ್ಟಿ ಕಾಣುವುದು ಅದೇ ದಿನ ಬೆಳಿಗ್ಗೆ, ಅದೂ ಆ ನಗರದವರಿಗೆ. ಕಲಾವಿದರು ಫೋನಿನಲ್ಲಿ ಹಂಚಿಕೊಳ್ಳುವ ಪೋಸ್ಟರ್ ಮತ್ತೊಬ್ಬ ಕಲಾವಿದರನ್ನೇ ಮುಟ್ಟುತ್ತದೆ. ಭಾನುವಾರ ಬಿಟ್ಟರೆ ರಜೆ ಇಲ್ಲದ ನಮ್ಮಂಥವರಿಗೆ ಸುದ್ದಿ ತಲುಪುವಷ್ಟರಲ್ಲಿ ಚಿತ್ರಗಳನ್ನು ಗೋಡೆಯಿಂದ ಇಳಿಸಿ ಆಗಿರುತ್ತದೆ. ಗೊತ್ತಾಗಿ ಬಸ್ ಹತ್ತಿದರೂ ಖಾತ್ರಿ ಇಲ್ಲ. ಸಂಜೆ ಬೇಗ ಬಾಗಿಲು ಹಾಕಿದ ಗ್ಯಾಲರಿಯ ಮುಂದೆ ನಿಂತು ಹಾಗೇ ವಾಪಸ್ ಬಂದದ್ದಿದೆ.

ಇದರಿಂದ ನಮ್ಮ ಮಕ್ಕಳು ಏನು ಕಳೆದುಕೊಳ್ಳುತ್ತಿದ್ದಾರೆ ಎಂಬುದು ತಮಗೆ ತಿಳಿಯಬೇಕು. ಶೀಲಾ ಗೌಡ ಅವರು ಹುಟ್ಟಿದ್ದು ಭದ್ರಾವತಿಯಲ್ಲಿ, ನಮ್ಮ ಪಕ್ಕದಲ್ಲೇ. ಸಗಣಿ, ಕುಂಕುಮ, ದಾರ, ಟಾರ್ ಡ್ರಮ್ಮು, ಇವನ್ನು ಇಟ್ಟುಕೊಂಡು ಕೆಲಸ ಮಾಡುವ ಕಲಾವಿದೆ. ದೃಷ್ಟಿ ತಾಗದಿರಲಿ ಎಂದು ಗಾಡಿಗಳ ಬಂಪರ್‌ಗೆ ಕೂದಲಿನ ಕರಿ ಹಗ್ಗ ಕಟ್ಟುತ್ತಾರಲ್ಲ, ಆ ಹಗ್ಗವನ್ನೇ ತೆಗೆದುಕೊಂಡು ಅವರು ಒಂದು ದೊಡ್ಡ ಕೃತಿ ಮಾಡಿದ್ದಾರೆ. ಸುಮಾರು 4 ಕಿಲೋಮೀಟರ್ ಉದ್ದದ ಹಗ್ಗ, ಅದರಲ್ಲಿ ತೂಗುವ ಕಾರಿನ ಬಂಪರ್‌ಗಳು. 2009ರಲ್ಲಿ ವೆನಿಸ್ ಬಿನಾಲೆಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಮೇಳದಲ್ಲಿ, ಅದು ಪ್ರದರ್ಶನವಾಯಿತು. ಈಗ ಲಂಡನ್ನಿನ ಟೇಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಅದರ ಫೋಟೊವನ್ನು ತರಗತಿಯಲ್ಲಿ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಥಟ್ಟನೆ, ‘ಸಾರ್, ಇದು ನಮ್ಮಪ್ಪನ ಲಾರಿಗೆ ಕಟ್ಟಿರ್ತಾರಲ್ಲ, ಅದೇ ಅಲ್ವಾ?’ ಅಂದ. ಕಲೆಯ ಬಗ್ಗೆ ನಾನು ವರ್ಷವಿಡೀ ಹೇಳಬೇಕಾದದ್ದನ್ನು ಅವನು ಆ ಒಂದು ಪ್ರಶ್ನೆಯಲ್ಲಿ ಹಿಡಿದಿದ್ದ. ಆಮೇಲೆ ‘ಇದನ್ನು ಎಲ್ಲಿ ನೋಡಬಹುದು ಸಾರ್?’ ಎಂದು ಕೇಳಿದ. ಲಂಡನ್ ಎಂದೆ. ತರಗತಿ ಸುಮ್ಮನಾಯಿತು.

2012ರಲ್ಲಿ ಕೊಚ್ಚಿಯಲ್ಲಿ ಮೊದಲ ಬಿನಾಲೆ ನಡೆದಾಗ ಅದೇ ಶೀಲಾ ಗೌಡ ಮತ್ತು ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಅವರು ಸೇರಿ ನೂರಕ್ಕೂ ಹೆಚ್ಚು ರುಬ್ಬುವ ಕಲ್ಲುಗಳನ್ನು ಅಲ್ಲಿ ಇಟ್ಟಿದ್ದರು. ಮಿಕ್ಸಿ ಬಂದ ಮೇಲೆ ಮನೆಗಳಿಂದ ಆಚೆ ಬಿದ್ದ ಕಲ್ಲುಗಳು. ಒಡೆಯಲು ಮನಸ್ಸು ಬರುವುದಿಲ್ಲ, ಇಟ್ಟುಕೊಳ್ಳಲು ಜಾಗ ಇಲ್ಲ. ಯಾವ ಅಜ್ಜಿಗೂ ಆ ಕೃತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ‘ಸಮಕಾಲೀನ ಕಲೆ ಸಾಮಾನ್ಯರಿಗೆ ಅರ್ಥವಾಗುವುದಿಲ್ಲ’ ಎಂದು ಸಭೆಗಳಲ್ಲಿ ಹೇಳುತ್ತಾರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯರಿಗೆ ತೋರಿಸಿದ್ದೀರಾ ಎಂದು ಮೊದಲು ಕೇಳಿಕೊಳ್ಳಬೇಕು.

ಮೈಸೂರಿನ ಎನ್.ಎಸ್. ಹರ್ಷ ಅವರದ್ದೂ ಹೀಗೇ. ಮೈಸೂರಿನಲ್ಲೇ ಇದ್ದುಕೊಂಡು ಚಿತ್ರ ಮಾಡುತ್ತಾರೆ. ಸಾಲು ಸಾಲಾಗಿ ಕುಳಿತ ಚಿಕ್ಕ ಚಿಕ್ಕ ಜನ, ಊಟದ ಪಂಕ್ತಿಯನ್ನು ನೆನಪಿಸುವ ಸಾಲುಗಳು, ಹತ್ತಿರ ಹೋಗಿ ನೋಡಿದರೆ ಒಬ್ಬೊಬ್ಬರದೂ ಒಂದೊಂದು ಮುಖ. 2017ರಲ್ಲಿ ಟೋಕಿಯೋದ ಮೋರಿ ಆರ್ಟ್ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ಮಾಡಿತು. ಎನ್. ಪುಷ್ಪಮಾಲಾ ಅವರು ತಾವೇ ವೇಷ ಹಾಕಿ, ಕ್ಯಾಲೆಂಡರ್ ದೇವತೆಯಂತೆ, ಸಿನಿಮಾ ನಾಯಕಿಯಂತೆ ನಿಂತು ತೆಗೆಸಿದ ಫೋಟೊಗಳೂ ದೇಶ ವಿದೇಶ ಸುತ್ತಿವೆ. ಇವರೆಲ್ಲ ನಮ್ಮವರು. ಆದರೆ ನನ್ನ ಶಾಲೆಯ ಮಕ್ಕಳಿಗೆ ಗೊತ್ತಿರುವ ಕಲಾವಿದರು ಪಠ್ಯಪುಸ್ತಕದಲ್ಲಿ ಬರುವ ರವಿವರ್ಮ, ಕೆ. ವೆಂಕಟಪ್ಪ ಅವರಲ್ಲಿಗೆ ಮುಗಿದುಹೋಗುತ್ತಾರೆ.

ಜನ ಬರುವುದಿಲ್ಲ ಎಂದು ಯಾರಾದರೂ ತಮಗೆ ಹೇಳಿದರೆ ಬೆಂಗಳೂರಿನ ಚಿತ್ರಸಂತೆಯನ್ನು ತೋರಿಸಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಚಿತ್ರಕಲಾ ಪರಿಷತ್ತು ಅದನ್ನು ನಡೆಸಿಕೊಂಡು ಬಂದಿದೆ. ವರ್ಷದ ಶುರುವಿನ ಒಂದು ಭಾನುವಾರ ಕುಮಾರಕೃಪಾ ರಸ್ತೆ ತುಂಬ ಚಿತ್ರಗಳು, ಲಕ್ಷಗಟ್ಟಲೆ ಜನ. ನಮ್ಮ ಕಡೆಯಿಂದಲೂ ರಾತ್ರಿ ರೈಲು, ಬಸ್ಸು ಹಿಡಿದು ಹೋಗುತ್ತಾರೆ. ಯಾಕೆ? ದಿನ ಯಾವುದು, ಜಾಗ ಯಾವುದು ಎಂದು ಮೊದಲೇ ಗೊತ್ತಿರುತ್ತದೆ. ಆ ಒಂದು ಭಾನುವಾರಕ್ಕೆ ಸಿಗುವ ತಯಾರಿಯಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಉಳಿದ ದಿನಗಳಿಗೆ ಸಿಗಲಿ.

ಇನ್ನು ಹೇಗೆ ಮಾಡಬಹುದು ಎಂಬುದಕ್ಕೆ ಬರುತ್ತೇನೆ. ಬಾಡಿಗೆ ಗ್ಯಾಲರಿಗಳ ದಿನಗಳನ್ನು ಮುಂಚಿತವಾಗಿಯೇ ಬುಕ್ ಮಾಡಿರುತ್ತಾರೆ. ಅಂದರೆ ಮಾಹಿತಿ ಆಗಲೇ ಒಂದಲ್ಲ ಒಂದು ರಿಜಿಸ್ಟರ್‌ನಲ್ಲಿ ಇದೆ. ಕರ್ನಾಟಕ ಲಲಿತಕಲಾ ಅಕಾಡೆಮಿ ಪ್ರತಿ ತಿಂಗಳು ಅದನ್ನು ಕೇಳಿ ತರಿಸಿಕೊಂಡು ಒಂದೇ ಹಾಳೆಯಲ್ಲಿ ಜೋಡಿಸಿದರೆ ಸಾಕು. ಬೆಂಗಳೂರಿನದ್ದು ಮಾತ್ರ ಅಲ್ಲ. ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರು, ದಾವಣಗೆರೆ ಎಲ್ಲವೂ ಇರಲಿ. ಚಿತ್ರಕಲಾ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರದರ್ಶನಗಳನ್ನು ದಯವಿಟ್ಟು ಬಿಡಬೇಡಿ. ನಾಳೆಯ ಕಲಾವಿದರು ಮೊದಲು ಕಾಣಿಸುವುದು ಅಲ್ಲೇ.

ಪ್ರತಿ ಪ್ರದರ್ಶನಕ್ಕೂ ಎರಡು ಮೂರು ಸಾಲು ಕನ್ನಡದಲ್ಲಿ ಬರೆಸಿ. ಕಲಾವಿದರಿಗೆ ಬಂದ ಪ್ರಶಸ್ತಿಗಳ ಪಟ್ಟಿ ಬೇಡ. ಕೃತಿ ಯಾವುದರಿಂದ ಮಾಡಿದ್ದು, ಯಾವುದರ ಬಗ್ಗೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ, ಬಾಗಿಲು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಟಿಕೆಟ್ ಇದೆಯಾ, ಬಸ್ ನಿಲ್ದಾಣದಿಂದ ಹೇಗೆ ಹೋಗಬೇಕು ಎಂದು ಇದ್ದರೆ ಸಾಕು. ಆ ಹಾಳೆಯನ್ನು ಹೈಸ್ಕೂಲುಗಳಿಗೆ, ಗ್ರಂಥಾಲಯಗಳಿಗೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿಗೆ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ ಬಂದರೂ ಆಯಿತು, ಗೋಡೆಗೆ ಅಂಟಿಸುವ ಕೆಲಸ ನಾವು ಮಾಡುತ್ತೇವೆ.

ಇದರ ಜೊತೆಗೆ ಇನ್ನೊಂದು. ಬಹಳ ಕಡೆ ಗೋಡೆಯ ಮೇಲಿನ ವಿವರ ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತದೆ. ಅದನ್ನು ನೋಡಿದ ತಕ್ಷಣ ನನ್ನ ಮಕ್ಕಳು ‘ಇದು ನಮಗಲ್ಲ’ ಎಂದು ಹಿಂದೆ ಸರಿಯುತ್ತಾರೆ, ಇದನ್ನು ಕಣ್ಣಾರೆ ಕಂಡಿದ್ದೇನೆ. ಸರ್ಕಾರದ ಜಾಗದಲ್ಲಿ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಯಾವುದೇ ಪ್ರದರ್ಶನದಲ್ಲಿ ಕನ್ನಡದ ವಿವರ ಕಡ್ಡಾಯ ಎಂದು ಒಂದು ಆದೇಶ ಹೊರಡಿಸಲು ತಮಗೆ ಅಧಿಕಾರ ಇದೆ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಸರ್ಕಾರಿ ವೆಂಕಟಪ್ಪ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಮಾತು ಬಂದಾಗ, 2016ರಲ್ಲಿ ಕಲಾವಿದರು ಅದರ ಮುಂದೆ ಸೇರಿ ಪ್ರತಿಭಟಿಸಿದ್ದು ತಮಗೆ ಗೊತ್ತೇ ಇದೆ. ಅದು ಎಲ್ಲರ ಗ್ಯಾಲರಿಯಾಗಿ ಉಳಿಯಬೇಕು ಎಂಬುದು ಅವರ ಒತ್ತಾಯ. ಎಲ್ಲರು ಎಂದರೆ ಅದರಲ್ಲಿ ಹರಿಹರ, ಜಗಳೂರು, ಹೊನ್ನಾಳಿಯವರೂ ಇದ್ದಾರೆ. ಬಾಗಿಲು ತೆರೆದಿದೆ ಎಂದು ಅವರಿಗೆ ತಿಳಿಸುವ ಕೆಲಸವನ್ನು ತಮ್ಮ ಇಲಾಖೆ ಕೈಗೆತ್ತಿಕೊಳ್ಳಲಿ.

ಮೊದಲ ಹಾಳೆ ಜೂನ್ ತಿಂಗಳಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ ಬಂದರೆ ಒಳ್ಳೆಯದು. ಪ್ರವಾಸದ ದಿನ ಗೊತ್ತುಮಾಡುವುದು ನಾವು ಆಗಲೇ. ನಮ್ಮ ಜಿಲ್ಲೆಯಲ್ಲಿ ಅದನ್ನು ಹಂಚುವ ಜವಾಬ್ದಾರಿ ಹೊರಲು ನಾನು ಸಿದ್ಧ, ನನ್ನ ಜೊತೆ ಬೇರೆ ಡ್ರಾಯಿಂಗ್ ಶಿಕ್ಷಕರೂ ಬರುತ್ತಾರೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,
ದಾವಣಗೆರೆ ಜಿಲ್ಲೆಯ ಒಬ್ಬ ಚಿತ್ರಕಲಾ ಶಿಕ್ಷಕ