ದೂರಶಿಕ್ಷಣ: ಅಂಕ ಬರುತ್ತದೆ, ಉತ್ತರ ಬರುವುದಿಲ್ಲ

ಮಾನ್ಯ ಸಂಪಾದಕರೇ,

ದೂರಶಿಕ್ಷಣದ ಪ್ರವೇಶಾತಿಯ ಜಾಹೀರಾತುಗಳು ಮತ್ತೆ ಕಾಣಿಸಿಕೊಳ್ಳುತ್ತಿರುವ ಈ ಹೊತ್ತಿನಲ್ಲಿ, ಆ ವ್ಯವಸ್ಥೆಯೊಳಗೆ ಎರಡನೆಯ ವರ್ಷ ಕಳೆಯುತ್ತಿರುವ ಇತಿಹಾಸ ಎಂ.ಎ. ವಿದ್ಯಾರ್ಥಿನಿಯಾಗಿ ನಾನು ಕಂಡ ಕೆಲವು ಸಂಗತಿಗಳನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ. ನಾನು ಓದುತ್ತಿರುವ ವಿಶ್ವವಿದ್ಯಾಲಯವನ್ನು ಇಲ್ಲಿ ಹೆಸರಿಸುತ್ತಿಲ್ಲ. ಬೇರೆ ಬೇರೆ ಕಡೆ ನೋಂದಾಯಿಸಿಕೊಂಡಿರುವ ಗೆಳತಿಯರ ಅನುಭವವೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ ಅದರ ಅಗತ್ಯವೂ ಇಲ್ಲ.

ಮೊದಲು ಋಣದ ಮಾತು. ನಾನು ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಪರೀಕ್ಷಕಿಯಾಗಿದ್ದೇನೆ. ಬೆಳಿಗ್ಗೆ ಆರರಿಂದ ಎಂಟೂವರೆ, ಸಂಜೆ ಐದರಿಂದ ಏಳು, ಇದು ನನ್ನ ಕೆಲಸದ ಹೊತ್ತು. ಹಸುಗಳಿಗೆ ಭಾನುವಾರವೂ ಇಲ್ಲ, ಯುಗಾದಿಯೂ ಇಲ್ಲವಾದ್ದರಿಂದ ನನಗೂ ಇಲ್ಲ. ದಿನವೂ ಹಾಜರಿ ಕೂಗುವ ಕಾಲೇಜು ನನ್ನ ಪಾಲಿಗೆ ಬಿ.ಎ.ಗೇ ಮುಗಿದುಹೋಗಿತ್ತು. ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ ಆರಂಭಿಸಿದ, ಹಿರಿಯರು ಇಂದಿಗೂ ‘ಅಂಚೆ ತೆರಪಿನ ಶಿಕ್ಷಣ’ವೆಂದೇ ಕರೆಯುವ ಪದ್ಧತಿಯು 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟುವಷ್ಟು ಬೆಳೆಯದೇ ಹೋಗಿದ್ದರೆ, ನನ್ನಂಥವರ ಓದು ಅಲ್ಲಿಗೇ ನಿಲ್ಲುತ್ತಿತ್ತು. ನಾಲ್ಕು ಕ್ರೆಡಿಟ್‌ಗಳ ಒಂದು ಪತ್ರಿಕೆಗೆ 120 ಗಂಟೆಗಳ ಓದು ಬೇಕೆಂಬುದು ಲೆಕ್ಕ; ಕ್ಯಾನುಗಳನ್ನು ತೊಳೆದಿಟ್ಟ ಮೇಲೆ ಸಿಗುವ ಮಧ್ಯಾಹ್ನಗಳಲ್ಲಿ ಆ ಗಂಟೆಗಳನ್ನು ನಾನು ಕೂಡಿಸಿಕೊಂಡಿದ್ದೇನೆ. ಯಾರೂ ಆತುರಪಡಿಸದ ಆ ಓದಿನಲ್ಲಿ ಒಂದು ಅಧ್ಯಾಯವನ್ನು ಮೂರು ಸಲ ಓದುವ ಸುಖವಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಕೊರತೆ ಇರುವುದು ಮತ್ತೊಂದು ಕಡೆ. ದೂರಶಿಕ್ಷಣದಲ್ಲಿ ವಿದ್ಯಾರ್ಥಿಗೂ ಅಧ್ಯಾಪಕರಿಗೂ ನಡುವೆ ಇರುವ ಸೇತುವೆ ಎಂದರೆ ಅಸೈನ್‌ಮೆಂಟು. ತರಗತಿಯಲ್ಲಿ ಕೈ ಎತ್ತಿ ಕೇಳಲಾಗದವರು ಕಾಗದದ ಮೇಲೆ ಕೇಳುತ್ತಾರೆ, ಅಧ್ಯಾಪಕರು ಅಂಚಿನಲ್ಲಿ ಬರೆದು ತಿದ್ದುತ್ತಾರೆ ಎಂಬುದು ಅದರ ಹಿಂದಿನ ಉದ್ದೇಶ. ಕಳೆದ ವರ್ಷ ಹೊಯ್ಸಳರ ಕಾಲದ ಸಮಾಜವನ್ನು ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ನಮ್ಮೂರ ಕೆರೆಯ ಏರಿಯ ಮೇಲೆ ಅರ್ಧ ಹೂತುಹೋಗಿರುವ ವೀರಗಲ್ಲಿನ ಬಗ್ಗೆ ನಾನು ಎರಡು ಪುಟ ಹೆಚ್ಚಾಗಿ ಬರೆದೆ. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು, ಬಿಲ್ಲು ಹಿಡಿದ ಒಬ್ಬ. ನಡುವೆ ಅವನನ್ನು ಕೊಂಡೊಯ್ಯುವ ಅಪ್ಸರೆಯರು. ಮೇಲೆ ಸವೆದುಹೋದ ಲಿಂಗ. ಇದು ತುರುಗಾಳಗದ, ಅಂದರೆ ದನಗಳಿಗಾಗಿ ನಡೆದ ಕಾಳಗದ ಕಲ್ಲೆಂದು ನನ್ನ ಊಹೆ. ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟದಲ್ಲಿ ಇದರ ಉಲ್ಲೇಖವನ್ನು ಹುಡುಕುವುದು ಹೇಗೆ ಎಂದು ಕೊನೆಯಲ್ಲಿ ಒಂದು ಸಾಲು ಕೇಳಿಯೂ ಇದ್ದೆ. ನಾಲ್ಕು ತಿಂಗಳ ನಂತರ ಜಾಲತಾಣದಲ್ಲಿ ‘11/15’ ಎಂದು ಕಾಣಿಸಿತು. ಉತ್ತರಪತ್ರ ಹಿಂದಿರುಗಲಿಲ್ಲ. ಅಂಗಡಿಯಲ್ಲಿ ಸಿಗುವ ಗೈಡ್‌ನಿಂದ ಒಂದಕ್ಷರವೂ ತಪ್ಪದಂತೆ ಇಳಿಸಿದ್ದ ಗೆಳತಿಗೂ ಹನ್ನೊಂದೇ ಬಂದಿತ್ತು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಅವಳೂ ನಕ್ಕಳು.

ನಾನೂ ದಿನಕ್ಕೆರಡು ಬಾರಿ ಅಳೆದು ಅಂಕ ಹಾಕುವವಳೇ. ನಮ್ಮ ಡೇರಿಯಲ್ಲಿ ಹಾಲು ಹಾಕಿದವರ ಕೈಗೆ ಆಗಲೇ ಚೀಟಿ ಸಿಗುತ್ತದೆ. ಅದರಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ ಎಲ್ಲವೂ ಇರುತ್ತದೆ. ಫ್ಯಾಟ್ ಇಳಿದಿದ್ದರೆ “ಯಾಕವ್ವ ಇವತ್ತು ಕಮ್ಮಿ?” ಎಂದು ಕೇಳದೆ ಯಾರೂ ಹೋಗುವುದಿಲ್ಲ. “ಒಣಹುಲ್ಲು ಕಮ್ಮಿ ಹಾಕಿದ್ದೀರೇನೋ ನೋಡಿ ಅಣ್ಣ” ಎಂದೋ, “ಕೊನೇ ಹಾಲು ಕರುವಿಗೆ ಬಿಟ್ಟಿದ್ದೀರಾ?” ಎಂದೋ ಹೇಳದೆ ನಾನೂ ಕಳಿಸುವುದಿಲ್ಲ. ಒಂದು ಲೀಟರ್ ಹಾಲಿಗೆ ಸಿಗುವ ಈ ವಿವರಣೆ ಸ್ನಾತಕೋತ್ತರ ಪದವಿಯ ವಿದ್ಯಾರ್ಥಿಗೆ ಸಿಗುವುದಿಲ್ಲ ಎಂಬುದೇ ನನ್ನ ದೂರಿನ ತಿರುಳು.

ಸಂಪರ್ಕ ತರಗತಿಗಳಿವೆಯಲ್ಲ ಎಂದು ಕೇಳಬಹುದು. ಇವೆ, ದೂರದ ನಗರದಲ್ಲಿ, ಸತತವಾಗಿ ಹತ್ತು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ. ಬಸ್ಸು, ಉಳಿಯುವ ಕೊಠಡಿ, ಊಟ, ಜೊತೆಗೆ ನನ್ನ ಜಾಗದಲ್ಲಿ ನಿಲ್ಲುವವರಿಗೆ ಕೊಡಬೇಕಾದ ಕೂಲಿ, ಇಷ್ಟನ್ನೂ ಹೊಂದಿಸಿಕೊಂಡು ಮೊದಲ ವರ್ಷ ಹೋಗಿದ್ದೆ; ಎರಡನೆಯ ವರ್ಷ ಆಗಲಿಲ್ಲ. ಅಂಚೆ ತೆರಪಿನ ಪದ್ಧತಿ ಹುಟ್ಟಿದ್ದೇ ಮನೆ ಬಿಟ್ಟು ಹೋಗಲಾಗದವರಿಗಾಗಿ ಎಂಬುದನ್ನು ಈ ವೇಳಾಪಟ್ಟಿ ಹಾಕುವವರು ಮರೆತಂತಿದೆ. ಆನ್‌ಲೈನ್ ತರಗತಿಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ: ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಶಾಲೆಯ ಜಗುಲಿಯ ಮೇಲೆ, ಮಳೆ ಇಲ್ಲದಿದ್ದರೆ.

ಪದವಿಯ ಬೆಲೆಯ ಬಗ್ಗೆಯೂ ಒಂದು ಮಾತು. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣದ ಪದವಿಯು ನಿತ್ಯ ತರಗತಿಯ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಸಂದರ್ಶನಗಳಲ್ಲಿ “ಓ, ಕರೆಸ್ಪಾಂಡೆನ್ಸಾ?” ಎಂಬ ಪ್ರಶ್ನೆ ನಿಂತಿಲ್ಲ. ಮಾನ್ಯತೆ ಕೈತಪ್ಪಿದ ವರ್ಷಗಳಲ್ಲಿ ಪದವಿ ಕೈಯಲ್ಲಿದ್ದೂ ಅಲೆದಾಡಿದವರನ್ನು ನಾಡು ಕಂಡಿರುವುದರಿಂದ ಆ ಅನುಮಾನ ಪೂರ್ತಿ ಅಕಾರಣವೂ ಅಲ್ಲ. ಆದರೆ ಬರೆದದ್ದನ್ನು ಯಾರೂ ಓದದೆ ಅಂಕ ಹಾಕುತ್ತಾರೆಂಬ ಭಾವನೆ ವಿದ್ಯಾರ್ಥಿಗಳಲ್ಲೇ ಉಳಿದಿರುವಾಗ, ಸುತ್ತೋಲೆಯೊಂದರಿಂದ ಹೊರಗಿನವರ ಅನುಮಾನ ಹೋಗಲಾರದು.

ಕೇಳಿಕೊಳ್ಳುವುದು ದೊಡ್ಡದೇನಲ್ಲ. ಅಸೈನ್‌ಮೆಂಟ್‌ಗಳನ್ನು, ಕನಿಷ್ಠ ನಾಲ್ಕು ಸಾಲಿನ ಟಿಪ್ಪಣಿಯೊಂದಿಗೆ, ವಾರ್ಷಿಕ ಪರೀಕ್ಷೆಗೆ ಮೊದಲೇ ಹಿಂದಿರುಗಿಸಲಿ; ಈ ಕೆಲಸಕ್ಕೆ ಅಧ್ಯಾಪಕರು ಸಾಲದಿದ್ದರೆ ತಾಲ್ಲೂಕುಗಳ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ತಕ್ಕ ಸಂಭಾವನೆ ಕೊಟ್ಟು ಒಪ್ಪಿಸಲಿ. ಸಂಪರ್ಕ ತರಗತಿಗಳನ್ನು ಹತ್ತು ದಿನ ಒಟ್ಟಿಗೆ ನಡೆಸುವ ಬದಲು, ರಜೆಯ ದಿನ ಖಾಲಿ ಬಿದ್ದಿರುವ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹತ್ತು ಭಾನುವಾರಗಳಿಗೆ ಹಂಚಲಿ, ಅಂದು ಅಲ್ಲಿನ ಗ್ರಂಥಾಲಯದ ಬಾಗಿಲನ್ನೂ ತೆರೆಯಲಿ. ಹತ್ತು ಗಂಟೆಗೆ ಆರಂಭಿಸಿ ಮೂರಕ್ಕೆ ಬಿಟ್ಟರೆ ಸಂಜೆಯ ಹಾಲಿನ ಹೊತ್ತಿಗೆ ನಾನು ಊರು ಸೇರಿರುತ್ತೇನೆ.

ಇಂತಿ,
ದೂರಶಿಕ್ಷಣದ ವಿದ್ಯಾರ್ಥಿನಿ
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ