ಹಾರ್ನಿಗೆ ಕಿವಿ ಒಗ್ಗಬಹುದು, ಮೈ ಒಗ್ಗುವುದಿಲ್ಲ

ಮಾನ್ಯರೇ,

ಅಂಕೋಲಾದಲ್ಲಿ ಹೆದ್ದಾರಿ 66ರ ಪಕ್ಕ ಮನೆ ಮಾಡಿ ಆರು ವರ್ಷ ಆಯಿತು. ಬಂದ ಹೊಸದರಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, "ಎರಡು ತಿಂಗಳು ಅಷ್ಟೇ, ಆಮೇಲೆ ರೂಢಿ ಆಗ್ತದೆ." ಆಯಿತು ಅಂತಲೇ ನಾನೂ ಅಂದುಕೊಂಡಿದ್ದೆ.

ಆದರೆ ಕಳೆದ ವರ್ಷದಿಂದ ಬೆಳಿಗ್ಗೆ ಎದ್ದರೆ ತಲೆ ಭಾರ, ಮಗಳು ಚಮಚ ಬೀಳಿಸಿದರೂ ಸಿಟ್ಟು, ಸಂಜೆಯಾದರೆ ಸುಮ್ನೆ ಎದೆ ಡವಡವ. ಬಿಪಿ, ಥೈರಾಯ್ಡ್ ಎಲ್ಲ ನೋಡಿಸಿದೆ, ಎಲ್ಲವೂ ಸರಿ ಇತ್ತು. ರಜೆಯಲ್ಲಿ ಯಲ್ಲಾಪುರದ ಕಡೆ ಅಕ್ಕನ ತೋಟದ ಮನೆಗೆ ಹೋಗಿ ಹತ್ತು ದಿನ ಇದ್ದಾಗಲೇ ಗೊತ್ತಾಗಿದ್ದು, ನಿದ್ದೆ ಅಂದರೆ ಏನು ಅನ್ನೋದೇ ನನಗೆ ಮರೆತುಹೋಗಿತ್ತು.

ವಾಪಸ್ ಬಂದ ಮೇಲೆ ಒಂದು ರಾತ್ರಿ ಎದ್ದು ಕೂತು ಎಣಿಸಿದೆ. ಎರಡರಿಂದ ಮೂರು ಗಂಟೆಯೊಳಗೆ 31 ಸಲ ಹಾರ್ನ್. ರಸ್ತೆ ಖಾಲಿ, ಎರಡು ನಾಯಿ ಬಿಟ್ಟರೆ ಯಾರೂ ಇಲ್ಲ. ಖಾಲಿ ಟಿಪ್ಪರ್ ಹೋದಾಗಲೆಲ್ಲ ಕಪಾಟಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ನಮ್ಮವರು ಗೊರಕೆ ಹೊಡೆಯುತ್ತಲೇ ಇದ್ದರು, ಆದರೆ ಜೋರು ಹಾರ್ನ್ ಬಂದಾಗೆಲ್ಲ ಮಗ್ಗಲು ಬದಲಿಸುತ್ತಿದ್ದರು. ಎಚ್ಚರ ಆಗದಿದ್ದರೂ ಮೈ ಕೇಳಿಸಿಕೊಳ್ಳುತ್ತದೆ. ಸದ್ದಿಗೆ ಎದೆಬಡಿತ ಏರುತ್ತದೆ, ಗಾಬರಿಯಾದಾಗ ಬರುವ ಅಡ್ರಿನಾಲಿನ್, ಕಾರ್ಟಿಸೋಲ್ ಹಾರ್ಮೋನುಗಳು ಹೆಚ್ಚುತ್ತವೆ. ವರ್ಷಗಟ್ಟಲೆ ನಿದ್ದೆ ಹೀಗೆ ತುಂಡಾದರೆ ಆತಂಕ, ಖಿನ್ನತೆ ಹತ್ತಿರ ಬರುತ್ತವೆ. ಕಿರಿಕಿರಿ ಮಾಡುವವಳು ಅಂತ ಮನೆಯಲ್ಲಿ ಹೆಸರು ಮಾತ್ರ ನಮಗೆ.

ಬರೀ ಸದ್ದಿನ ಜೋರೇ ಕಾರಣ ಅಂತಲೂ ಅಲ್ಲ. ಮಳೆಗಾಲದಲ್ಲಿ ಕಡಲು ರಾತ್ರಿಯಿಡೀ ಮೊರೆಯುತ್ತದೆ, ಅದನ್ನು ಕೇಳುತ್ತಲೇ ನಮಗೆ ನಿದ್ದೆ. ಚಿಕ್ಕವರಿದ್ದಾಗ ಚಂಡೆಯ ಎದುರೇ ಚಾಪೆ ಹಾಸಿ ಮಲಗಿದವರು ನಾವು. ಹಾರ್ನ್ ಹಾಗಲ್ಲ. ಯಾವಾಗ ಬಂದೀತು ಗೊತ್ತಿಲ್ಲ, ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ.

2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನವಸತಿ ಇರುವಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ತುರ್ತು ಸಂದರ್ಭ ಬಿಟ್ಟರೆ ಆ ಹೊತ್ತಿನಲ್ಲಿ ಅಲ್ಲಿ ಹಾರ್ನ್ ಹಾಕುವುದೇ ತಪ್ಪು, ಇದು ಎಷ್ಟು ಜನಕ್ಕೆ ಗೊತ್ತು? ಸುಮ್ಮನೆ ಹಾರ್ನ್ ಹೊಡೆದರೆ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲ ಸಲ 1,000 ರೂಪಾಯಿ ದಂಡ, ಮತ್ತೆ ಮಾಡಿದರೆ 2,000. ಕಾನೂನು ಇದೆ, ಹಿಡಿಯುವವರಿಲ್ಲ. ನಾನು ಒಮ್ಮೆ ಫೋನ್ ಮಾಡಿ ದೂರು ಕೊಟ್ಟಾಗ ಆ ಕಡೆಯಿಂದ ಬಂದ ಉತ್ತರ, "ಹೆದ್ದಾರಿ ಪಕ್ಕ ಯಾಕೆ ಮನೆ ಮಾಡಿದ್ರಿ?" ಮನೆ ಕಟ್ಟಿದಾಗ ಅದು ಎರಡು ಲೇನಿನ ರಸ್ತೆ ಆಗಿತ್ತು ಸ್ವಾಮಿ, ನಾವಲ್ಲ ಹೆದ್ದಾರಿ ಹತ್ತಿರ ಬಂದದ್ದು.

ಲಾರಿ ನಿಲ್ಲಿಸಿ ಕಾಗದಪತ್ರ ನೋಡುವವರು ಹಾರ್ನನ್ನೂ ಒಮ್ಮೆ ಒತ್ತಿಸಿ ನೋಡಲಿ, ಕರ್ಕಶ ಹಾರ್ನ್ ಇದ್ದರೆ ಅಲ್ಲೇ ಕಿತ್ತುಹಾಕಲಿ. ನಿದ್ದೆ ಇಲ್ಲ ಅಂತ ಬಂದವರಿಗೆ ಮಾತ್ರೆ ಬರೆಯುವ ಮೊದಲು ಡಾಕ್ಟರು ಮನೆ ಎಲ್ಲಿದೆ ಅಂತಲೂ ಕೇಳಲಿ. ಮತ್ತೆ ಪೊಲೀಸರು ವಾರಕ್ಕೊಂದು ರಾತ್ರಿ ಇಲ್ಲಿ ಒಂದು ತಾಸು ನಿಂತರೂ ಸಾಕು. ಚಹಾ ನಮ್ಮ ಮನೆಯದ್ದೇ, ಹೇಗೂ ಎಚ್ಚರ ಇರುತ್ತೇನೆ.

– ಒಬ್ಬ ಓದುಗಳು, ಅಂಕೋಲಾ